ಕಿಟಕಿಯಿಂದ ಒಗೆದ ಲ್ಯಾಪ್‌ಟಾಪ್

ಮಳೆ ಎರಡನೆಯ ವರ್ಷವೂ ಕೈಕೊಟ್ಟು, ಜನ ದುಡಿಯಲು ಊರು ಬಿಡುತ್ತಿದ್ದ ಕಾಲ. ನಾನಾಗ ಬೀದರಿನ ಒಂದು ಆರೋಗ್ಯ ಸಂಸ್ಥೆಯಲ್ಲಿ ಮಾಹಿತಿ ಅಧಿಕಾರಿ. ಭಾಲ್ಕಿ, ಔರಾದ ಕಡೆ ಎಚ್‌ಐವಿ ಚಿಕಿತ್ಸೆ ಪಡೆಯುವವರ ಹೆಸರುಗಳು ನಮ್ಮ ಆಪ್ತಸಮಾಲೋಚಕಿ ಸವಿತಾಳ ಲ್ಯಾಪ್‌ಟಾಪಿನಲ್ಲಿದ್ದವು.

ಸೀಟು ಹಿಡಿಯಲು ಬಸ್ಸಿನ ಕಿಟಕಿಯಿಂದ ಒಳಗೆ ಟವೆಲ್ ಒಗೆಯುವುದು, ಅಂದರೆ ಎಸೆಯುವುದು, ನಮ್ಮ ಕಡೆಯ ಕಾನೂನು. ಭಾಲ್ಕಿ ನಿಲ್ದಾಣದಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಟವೆಲ್ ಇಲ್ಲದ ಸವಿತಾ ಲ್ಯಾಪ್‌ಟಾಪ್ ಚೀಲವನ್ನೇ ಒಗೆದಳು. ನುಗ್ಗಿ ಒಳಗೆ ಹೋಗುವಷ್ಟರಲ್ಲಿ ಸೀಟೂ ಇಲ್ಲ, ಚೀಲವೂ ಇಲ್ಲ!

ಅಳುತ್ತ ಫೋನ್ ಮಾಡಿದಳು. ನನ್ನ ಪಿತ್ತ ನೆತ್ತಿಗೇರಿತು. ಆದರೂ ಕೇಳಬೇಕಾದ್ದನ್ನೇ ಕೇಳಿದೆ: “ಪೂರಾ ಬಂದ್ ಮಾಡಿದ್ದಿ, ಇಲ್ಲಾ ಬರೇ ಮುಚ್ಚಿದ್ದಿ?”

“ಪೂರಾ ಬಂದ್ ಮಾಡೀನ್ರಿ ಸರ. ಇಲ್ಲಂದ್ರ ನೀವು ಬೈತೀರಲ್ರಿ.”

ಹೋದ ಜೀವ ಬಂತು. ಬರೀ ಪಾಸ್‌ವರ್ಡ್ ಎಂದರೆ ಬಾಗಿಲಿಗೆ ಹಾಕಿದ ಕೀಲಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವನ್ನೂ ಓದಬಹುದು. ನಾವು ಹಾಕಿಸಿದ್ದ ಎನ್‌ಕ್ರಿಪ್ಶನ್ ಹಾಗಲ್ಲ. ಡಿಸ್ಕಿನಲ್ಲಿರುವ ಮಾಹಿತಿಯನ್ನೇ ಅದು ಕಲಸುಮೇಲೋಗರ ಮಾಡಿಡುತ್ತದೆ. ಗುಟ್ಟಿನ ಪದಗಳನ್ನು ಕೊಟ್ಟರೆ ಮಾತ್ರ ಓದಲು ಬರುತ್ತದೆ. ಆದರೆ ಯಂತ್ರ ಚಾಲೂ ಇದ್ದಾಗ, ಬಂದ್ ಮಾಡದೆ ಬರೀ ಮುಚ್ಚಿಟ್ಟಾಗಲೂ, ಕೀಲಿಕೈ ಅದರೊಳಗೇ ಇರುತ್ತದೆ, ಅದಕ್ಕೇ ನನ್ನ ಆ ಪ್ರಶ್ನೆ. ಸವಿತಾ ಆ ಉದ್ದನೆಯ ಪದಗಳನ್ನು ಟೈಪ್ ಮಾಡಲು ದಿನಾ ಗೊಣಗುತ್ತಿದ್ದಳು, ಆದರೆ ಎಲ್ಲೂ ಬರೆದಿಟ್ಟಿರಲಿಲ್ಲ.

ಹೆಸರು ಯಾರದೋ ಅವರಿಗೆ ಹೇಳದೆ ಇರುವುದು ನ್ಯಾಯವಲ್ಲ. ಮರುದಿನ ಮೊದಲು, ಪಟ್ಟಿಯಲ್ಲಿದ್ದ ಸಾಯಗಾಂವದ ನಾಗಮ್ಮನ ಮನೆಗೆ ಹೋದೆವು. ಅವಳು ಒಂದೆರಡು ವಾರದಲ್ಲಿ ಕಬ್ಬು ಕಡಿಯಲು ಊರು ಬಿಡುವವಳಿದ್ದಳು.

“ಹೆಸರು ಹೊರಗ ಬಿತ್ತಂದ್ರ ಮುಕಾದಮ ನನ್ನ ಟೋಳ್ಯಾಗ ಸೇರ್ಸಲ್ರಿ,” ಎಂದಳು. ಕೂಲಿಗಳ ಟೋಳಿಯನ್ನು, ಅಂದರೆ ಗುಂಪನ್ನು, ಕರೆದೊಯ್ಯುವವನೇ ಮುಕಾದಮ.

“ಬೀಳಂಗಿಲ್ಲವ್ವ. ಹೊಣಿ ನಂದು,” ಎಂದೆ ನಾನು.

ಕೆಲವು ದಿನಗಳ ಮೇಲೆ ಬೀದರಿನ ರಿಪೇರಿ ಅಂಗಡಿಯವನೊಬ್ಬ, ಲ್ಯಾಪ್‌ಟಾಪಿನ ಬೆನ್ನಿಗಿದ್ದ ನಮ್ಮ ನಂಬರಿಗೆ ಫೋನ್ ಮಾಡಿದ. ಯಾರೋ ಮಾರಲು ತಂದು, ಬಿಟ್ಟು ಹೋಗಿದ್ದರಂತೆ. ಡಿಸ್ಕ್ ಬಿಚ್ಚಿಯೂ ನೋಡಿದ್ದ.

“ಇದರಾಗ ಏನೂ ಇಲ್ರಿ ಸರ. ಡಿಸ್ಕ್ ಪೂರಾ ಖರಾಬ್ ಅದ.”

ನೌಕರಿಯಲ್ಲಿ ಅಂಥ ಶಾಭಾಸ್‌ಗಿರಿ ನನಗೆ ಮತ್ತೆ ಸಿಗಲಿಲ್ಲ. ವಸ್ತು ಒಂದಿಲ್ಲೊಂದು ದಿನ ಕಳೆಯುತ್ತದೆ ಎಂದು ತಿಳಿದೇ ಒಳಗಿನದನ್ನು ಕಾಯಬೇಕು. ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಇದನ್ನೇ ಹೇಳಿದ್ದೇನೆ.

ಮುಂದಿನ ವಾರ ನಾನೂ ಸವಿತಾಳೂ ಭಾಲ್ಕಿ ನಿಲ್ದಾಣಕ್ಕೆ ಬಂದಾಗ ನಾಗಮ್ಮ ತನ್ನ ಟೋಳಿಯೊಂದಿಗೆ ನಿಂತಿದ್ದಳು. ಚಿಕಿತ್ಸೆ ಪಡೆಯುವವರು ಹೊರಗೆ ಸಿಕ್ಕರೆ ನಾವು ಗುರುತು ತೋರಿಸುವುದಿಲ್ಲ. ಸವಿತಾ ಚೀಲವನ್ನು ಎದೆಗವಚಿಕೊಂಡು ಬೇರೆ ಕಡೆ ನೋಡುತ್ತ ನಿಂತಳು. ಬೀದರ ಬಸ್ ಬಂತು. ನಾಗಮ್ಮ ಮುಂದೆ ಬಂದು ಕಿಟಕಿಯೊಳಗೆ ತನ್ನ ಟವೆಲ್ ಒಗೆದಳು.

“ಅಕ್ಕಾರ, ಸೀಟ್ ಹಿಡದೀನಿ, ಹೋಗಿ ಕೂಡ್ರಿ.”

“ಯಾರವ್ವ ಅವರು?” ಮುಕಾದಮ ಕೇಳಿದ.

“ಯಾರೋ ಏನೋ, ಗೊತ್ತಿಲ್ರಿ,” ಎಂದಳು ನಾಗಮ್ಮ.