ಉಪ್ಪು ಬಿಟ್ಟ ಅತ್ತೆಯ ಸೋಡಾ

ಮುಂಬೈಯ ಸಾಂತಾಕ್ರೂಜಿನ ನಮ್ಮ ಮನೆಯಲ್ಲಿ ಅಡುಗೆ ಸೋಡಾ ಇಲ್ಲದ ಜಾಗವೆಂದರೆ ದೇವರ ಗೂಡು ಒಂದೇ. ದೇವರ ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣಿನಲ್ಲೇ ತಿಕ್ಕಬೇಕೆಂದು ಅತ್ತೆಯ ಹಟ. ಉಳಿದಂತೆ ಒಲೆಯ ಪಕ್ಕ ಒಂದು ಡಬ್ಬಿ, ಸಿಂಕಿನ ಕೆಳಗೆ ಇನ್ನೊಂದು, ಬಚ್ಚಲಲ್ಲಿ ಮತ್ತೊಂದು. ಬೆಳ್ಳುಳ್ಳಿ ಚಟ್ನಿಯ ವಾಸನೆ ಹಾಲಿಗೆ ಹತ್ತದಿರಲೆಂದು ಫ್ರಿಜ್ಜಿನ ಮೂಲೆಯಲ್ಲಿ ಒಂದು ಬಟ್ಟಲು. ಮಳೆಗಾಲದಲ್ಲಿ ಲೋಕಲ್ ಇಳಿದು ನೀರು ತುಳಿಯುತ್ತ ಬರುವ ನನ್ನ ಗಂಡನ ಬೂಟಿನೊಳಗೂ ಹಳೆಯ ಕಾಲುಚೀಲದಲ್ಲಿ ಗಂಟು ಕಟ್ಟಿದ ಸೋಡಾ ಇರುತ್ತಿತ್ತು. ಆ ಬೂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಡಾ ಸಿಗದ ಕಾಲದಲ್ಲಿ ಹೆಂಡಂದಿರು ಹೇಗೆ ಸಂಸಾರ ಮಾಡಿದರೋ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಕಲಿಸಿದವರು ಅತ್ತೆಯೇ. ವಿಜಯಪುರದ ಕಡೆಯಿಂದ ಮದುವೆಯಾಗಿ ಗ್ರಾಂಟ್ ರೋಡಿನ ಚಾಳಿನ ಒಂದೇ ಖೋಲಿಗೆ ಬಂದವರು ಅವರು. ಅಡುಗೆ, ಸ್ನಾನ, ನಿದ್ದೆ ಎಲ್ಲ ಅಲ್ಲಿಯೇ. ಒಂದರ ವಾಸನೆ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದೇ ಮನೆವಾರ್ತೆಯ ಅರ್ಧ ಕೆಲಸವಾಗಿತ್ತಂತೆ. ಚಹಾದ ಕಲೆ ಕೂತ ಕಪ್ಪನ್ನು ಒದ್ದೆ ಬೆರಳಿಗೆ ಸೋಡಾ ಹಚ್ಚಿಕೊಂಡು ತಿಕ್ಕುವುದು, ಅಂಗಿಯ ಕಾಲರಿಗೆ ಬಳಿದು ಸ್ವಲ್ಪ ಹೊತ್ತು ಬಿಟ್ಟು ಒಗೆಯುವುದು, ಸೊಳ್ಳೆ ಕಚ್ಚಿದಲ್ಲಿ ನೀರಲ್ಲಿ ಕಲಸಿ ಹಚ್ಚುವುದು, ಕಂಕುಳಿಗೆ ಪೌಡರಿನ ಜೊತೆ ಒಂದು ಚಿಟಿಕೆ. ಈ ಕೊನೆಯದು ನನಗೆ ಉರಿ ತರಿಸಿತು. ಹೇಳಿದರೆ, "ನಿಮ್ದು ಧಾರವಾಡದ ನಾಜೂಕ ಚರ್ಮ ತಗೊ," ಅಂದರು. ನನಗೆ ಸೋಡಾದಿಂದ ಸಿಕ್ಕ ದೊಡ್ಡ ಸುಖ ಬೇರೆಯದು. ಸಿಂಕಿನ ಜಾಳಿಯೊಳಗೆ ಸುರಿದು ಮೇಲೆ ವಿನೆಗರ್ ಹೊಯ್ದರೆ ಬುಸ್ಸೆಂದು ನೊರೆ ಏಳುತ್ತದೆ. ಈ ಮನೆಯಲ್ಲಿ ಹೇಳಿದ ತಕ್ಷಣ ಕೆಲಸಕ್ಕೆ ಏಳುವುದು ಅದೊಂದೇ.

ಊಟವಾದ ಮೇಲೆ ಅತ್ತೆ ಅರ್ಧ ಲೋಟ ನೀರಿಗೆ ನಿಂಬೆಹಣ್ಣು ಹಿಂಡಿ, ಒಂದು ಚಮಚ ಸೋಡಾ ಹಾಕಿ, ನೊರೆ ಇಳಿಯುವ ಮೊದಲೇ ಗಟಗಟ ಕುಡಿಯುತ್ತಿದ್ದರು. ಆಮೇಲೆ ಒಂದು ತೇಗು. ಅದು ಕೇಳಿಸಿದ ಮೇಲೆಯೇ ನಾವು ತಾಟು ಎತ್ತುತ್ತಿದ್ದೆವು.

ಅವರಿಗೆ ಬಿಪಿ ಇತ್ತು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗಲೆಲ್ಲ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಿದ್ದರು. ಬೈದು ಬೈದು ನನಗೇ ಸಾಕಾಗಿತ್ತು. ಅಷ್ಟರಲ್ಲಿ ಠಾಣೆ ಊರಿನ ಗಂಡನ ಮನೆಯಿಂದ ನನ್ನ ಮಗಳು ಫೋನ್ ಮಾಡಿ, ಮತ್ತೆ ಬಸಿರಾಗಿರುವ ಸುದ್ದಿ ಹೇಳಿದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ತಲೆಸ್ನಾನ ಮಾಡಿ, ಒದ್ದೆ ಕೂದಲಲ್ಲೇ ದೇವರ ಮುಂದೆ ನಿಂತು, ಮೊಮ್ಮಗಳ ಹೆರಿಗೆ ಸುಸೂತ್ರವಾಗುವ ತನಕ ಉಪ್ಪು ಬಿಟ್ಟೆ ಎಂದು ಹರಕೆ ಹೊತ್ತರು. ಯಾರಿಗಾಗಿ ಹರಕೆಯೋ ಅವರ ಕಿವಿಗೆ ಅದು ಬೀಳಬಾರದು ಎಂಬ ಕಟ್ಟಳೆ ಬೇರೆ. ಹಾಗಾಗಿ ಮಗಳಿಗೆ ಹೇಳುವಂತಿರಲಿಲ್ಲ.

ಹರಕೆ ಎಂದರೆ ಹರಕೆಯೇ. ಅವರಿಗೆಂದು ಬೇರೆ ಪಲ್ಯ, ಬೇರೆ ಬೇಳೆ, ಸಪ್ಪನೆಯ ಮಜ್ಜಿಗೆ. ಭರಣಿಯ ಕಡೆ ತಿರುಗಿಯೂ ನೋಡಲಿಲ್ಲ. ಊಟದ ಮೇಲಿನ ಸೋಡಾ ಮಾತ್ರ ಒಂದು ಚಮಚದಿಂದ ಎರಡಾಯಿತು, ಮೂರಾಯಿತು. ಡಾಕ್ಟರ ಕೈಯಲ್ಲಿ ಆಗದ್ದನ್ನು ಇನ್ನೂ ಹುಟ್ಟದ ಕೂಸು ಮಾಡಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ದಿನ ಕಳೆದಂತೆ ಅವರ ಪಾದಗಳು ಬಾತುಕೊಂಡವು. ಚಪ್ಪಲಿಯ ಪಟ್ಟಿ ಹಾಕಲು ಬರದಾಯಿತು. ಬಿಪಿ ಇಳಿಯುವ ಬದಲು ಏರಿತ್ತು.

ದವಾಖಾನೆಯ ಒಳಕೋಣೆಯಲ್ಲಿ ಅತ್ತೆಯ ಇಸಿಜಿ ತೆಗೆಯುತ್ತಿದ್ದಾಗ ಡಾಕ್ಟರು ನನ್ನನ್ನೇ ಗುಮಾನಿಯಿಂದ ನೋಡಿದರು. ಮನೆಯಲ್ಲಿ ಯಾರೋ ಕದ್ದು ಉಪ್ಪು ಹಾಕುತ್ತಿದ್ದೀರಿ ಎಂಬಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನ ಚಹಾದಿಂದ ಹಿಡಿದು ಅವರು ಬಾಯಿಗಿಡುವ ಪ್ರತಿಯೊಂದನ್ನೂ ಒದರಿದೆ. ಊಟದ ಮೇಲಿನ ಸೋಡಾ ಎಂದಾಗ ಡಾಕ್ಟರು ಕೈ ಎತ್ತಿ ತಡೆದರು. "ವೋ ಭೀ ತೋ ನಮಕ್ ಹೀ ಹೈ," ಎಂದರು. ಅದೂ ಉಪ್ಪೇ, ಅದರಲ್ಲಿಯೂ ಅದೇ ಸೋಡಿಯಂ, ಅವರು ಬಿಟ್ಟ ಉಪ್ಪೆಲ್ಲ ಈ ದಾರಿಯಿಂದ ಒಳಗೆ ಹೋಗುತ್ತಿದೆ, ಇಂದೇ ನಿಲ್ಲಿಸದಿದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದರು.

ರಿಕ್ಷಾದಲ್ಲಿ ಬರುವಾಗ ಅತ್ತೆ ಪಕ್ಕದಲ್ಲಿ ಕೂತು, "ಏನಂದ್ರವಾ ಡಾಕ್ಟರು?" ಎಂದು ಕೇಳಿದರು. ಹೇಳಿದರೆ ಹರಕೆ ಮುರಿಯಿತೆಂದು ಈ ಜೀವ ಕುಸಿದುಹೋಗುತ್ತದೆ. ದೇವರು ಮಾಡದಿರಲಿ, ಮಗಳಿಗೆ ಈ ಸಲವೂ ಏನಾದರೂ ಆದರೆ, ತನ್ನ ನಾಲಿಗೆಯಿಂದಲೇ ಆಯಿತೆಂದು ಸಾಯುವ ತನಕ ಕೊರಗುತ್ತಾರೆ. ಹೇಳದಿದ್ದರೆ ಆ ಕಾಲು ಕಣ್ಣೆದುರೇ ಬಾಯುತ್ತದೆ. ನನಗೆ ಹರಕೆಗಳಲ್ಲಿ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಮಗಳ ಹೊಟ್ಟೆಯ ವಿಷಯಕ್ಕೆ ಬಂದಾಗ ನಂಬಿಕೆ ಇಲ್ಲವೆಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಇಲ್ಲ. "ನಡಿಗಿ ಕಮ್ಮಿ ಮಾಡ್ರಿ ಅಂದ್ರು," ಎಂದುಬಿಟ್ಟೆ.

ಗಂಡನಿಗೆ ಹೇಳಿದರೆ, "ಖರೇನ ಹೇಳಿಬಿಡು," ಅಂದರು. ಹೇಳಿ, ಊಟದ ಡಬ್ಬಿ ಹಿಡಿದುಕೊಂಡು ದಾದರ್‌ನ ಆಫೀಸಿಗೆ ಹೊರಟುಹೋದರು. ಇಡೀ ದಿನ ಅತ್ತೆಯ ಮುಖ ನೋಡುತ್ತ ಕೂರಬೇಕಾದವಳು ನಾನಲ್ಲವೇ.

ಅಂದೇ ಮನೆಯ ಸೋಡಾವನ್ನೆಲ್ಲ ಹುಡುಕಿ ಹುಡುಕಿ ಮೋರಿಗೆ ಸುರಿದೆ. ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದೆ. ಈ ಊರಲ್ಲಿ ಸೋಡಾ ಸಿಗುವುದಿಲ್ಲವೆಂದರೆ ಯಾರು ನಂಬುತ್ತಾರೆ? ಫ್ರಿಜ್ಜಿನಲ್ಲಿ ಹಾಲು ಬೆಳ್ಳುಳ್ಳಿ ನಾರತೊಡಗಿತು. ಬೂಟುಗಳನ್ನು ಕಿಟಕಿಯ ಹೊರಗೆ ನೇತುಹಾಕಿದೆ. ಅತ್ತೆ ತಾವೇ ಹೋಗಿ ಎದುರು ಮನೆಯ ಮರಾಠಿ ಕಾಕುವಿನಿಂದ ಕಾಗದದ ಪುಡಿಕೆಯಲ್ಲಿ ಸೋಡಾ ತಂದುಕೊಂಡರು. ಕೊಡಬೇಡಿ ಎಂದು ನಾನು ಹೋಗಿ ಬೇಡಿಕೊಂಡೆ, ಕಾಕುವಿನ ಕಾಲು ಹಿಡಿಯುವುದೊಂದು ಬಾಕಿ. ಆಮೇಲೆ ಅವರೂ ಮುಗಿದಿದೆ ಎನ್ನತೊಡಗಿದರು. ಬರೀ ನಿಂಬೆನೀರು ಕುಡಿದು, "ತೇಗ ಬರವಲ್ತು," ಎಂದು ಅತ್ತೆ ಎದೆ ತಿಕ್ಕಿಕೊಳ್ಳುತ್ತ ಕೂರುವರು. ನನಗೆ ಪಾಪ ಅನಿಸುತ್ತಿತ್ತು. ಕಾಲಿನ ಬಾವು ಮಾತ್ರ ಮೆಲ್ಲಗೆ ಇಳಿಯತೊಡಗಿತ್ತು.

ಏಳು ತಿಂಗಳಿಗೆ ಮಗಳನ್ನು ನಮ್ಮ ಮನೆಗೆ ಕರೆಸಿ ಸೀಮಂತದ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಬಿಲ್ಡಿಂಗಿನ ಹೆಂಗಸರೆಲ್ಲ ಆರತಿ ಮಾಡಿ ಉಂಡು ಹೋದರು. ಮಧ್ಯಾಹ್ನ ಮನೆಯಲ್ಲಿ ಉಳಿದವರು ನಾವು ಮೂವರೇ. ಅತ್ತೆ ಮೊಮ್ಮಗಳ ಪಕ್ಕ ಸೋಫಾದಲ್ಲಿ ಕೂತು, ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಹೋಳಿಗಿ ಜಾಸ್ತಿ ಆತು. ಕೆಳಗಿನ ಅಂಗಡ್ಯಾಗ ಚೂರು ಸೋಡಾ ತರ್ಸು. ನಿಮ್ಮವ್ವ ಎಲ್ಲಾ ಮುಚ್ಚಿಟ್ಟಾಳ," ಎಂದರು.

ಮಗಳಿಗೆ ಸೋಡಾದ ಸಂಗತಿ ಫೋನಿನಲ್ಲಿ ಹೇಳಿದ್ದೆ. ಹರಕೆಯದು ಅವಳಿಗೆ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳ ತಡವರಿಸುವ ಕನ್ನಡದಲ್ಲಿ ಅಜ್ಜಿಗೆ, "ನೋ ಆಯಿ, ಸೋಡಾ ಭೀ ಉಪ್ಪೇ ಅದ. ಡಾಕ್ಟರ್ ಬಂದ್ ಮಾಡ್ಯಾರ. ಮಮ್ಮಿ ಬೋಲಿ ನಹೀ?" ಎಂದಳು.

ಅತ್ತೆ ನನ್ನ ಕಡೆ ತಿರುಗಿದರು. "ಖರೇನ?"

ಇನ್ನು ಸುಳ್ಳಿಗೆ ಜಾಗ ಇರಲಿಲ್ಲ. "ಹೌದ್ರಿ ಅತ್ತಿ."

"ಮೊದಲಿಂದೂ ಉಪ್ಪ ಏನದು?"

"ಹೂಂನ್ರಿ. ನಿಮಗ ಗೊತ್ತಿರಲಿಲ್ಲಲ್ರಿ, ಅದು ಲೆಕ್ಕಕ್ಕ ಬರಂಗಿಲ್ಲ."

"ನಾಲಿಗಿಗೆ ಹಿತ ಅನಸ್ತಿತ್ತು," ಎಂದರು ಅತ್ತೆ. "ನಾ ಆಗ ತಿಳ್ಕೋಬೇಕಿತ್ತು." ಹೊಟ್ಟೆಯ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡರು. ಎದ್ದು ಹೋಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತರು.

ಮಗಳು ಗಾಬರಿಯಾಗಿ ನನ್ನನ್ನು ನೋಡಿದಳು. ಮುರಿದ ಮೇಲೆ ಇನ್ನೇನು ಗುಟ್ಟೆಂದು ಹರಕೆಯ ಕಥೆ ಹೇಳಿದೆ, ಹಿಂದಿಯಲ್ಲಿ, ಅವಳಿಗೆ ಪೂರ್ತಿ ತಿಳಿಯಲೆಂದು. ಕೇಳಿದವಳು ಸೋಫಾದ ಕೈ ಹಿಡಿದು ಕಷ್ಟಪಟ್ಟು ಎದ್ದು, ಅಜ್ಜಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಅವರ ಕೈ ಹಿಡಿಯಲು ಹೋದರೆ ಅತ್ತೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಬ್ಯಾಡವಾ. ಕೂಸಿಗೆ ನನ್ನ ಕೈ ಹತ್ತಿಸಬ್ಯಾಡ."

"ಆಯಿ," ಎಂದಳು ಮಗಳು. ಒಂದೊಂದೇ ಶಬ್ದ ಹುಡುಕಿ ಹೇಳಿದಳು, ಅದರಲ್ಲಿ ಹಿಂದಿ ಒಂದೂ ಇರಲಿಲ್ಲ. "ನಂಗ ಭಾಳ ಅಂಜಿಕಿ ಆಗ್ತದ. ದಿನಾ ಆಗ್ತದ. ನೀ ಕೈ ಇಡು."

ಇಷ್ಟು ತಿಂಗಳು ಫೋನಿನಲ್ಲಿ ನನಗೆ ಆರಾಮಿದ್ದೇನೆ ಎಂದಷ್ಟೇ ಹೇಳುತ್ತಿದ್ದವಳು ಅವಳು. ಬಾಗಿಲಲ್ಲಿ ನಿಂತ ನನಗೆ ಕಣ್ಣು ತುಂಬಿ ಬಂತು. ಅತ್ತೆ ಅವಳ ಮುಖವನ್ನೇ ನೋಡಿದರು. ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು, ಸೀರೆಗೆ ಒರೆಸಿಕೊಂಡು, ಹೊಟ್ಟೆಯ ಮೇಲೆ ಇಟ್ಟರು.

"ನಂಗೂ ಅಂಜಿಕೀನ ಬಂಗಾರ," ಎಂದರು. "ಸರಿ ಬಾ. ಇಬ್ಬರೂ ಕೂಡೇ ಅಂಜೂಣು."