ಲಾಡ್ಜಿನ ಗೋಡೆಗೆ ಕಟ್ಟಿದ ಸಾರುವೆ

ಪೇಂಟರ್ ಅಕೀಲ ಕೈಮಾಡುವ ಮನುಷ್ಯನೆಂದು ಕೊಟ್ಟೂರಿಗೆಲ್ಲ ಗೊತ್ತಿತ್ತು. ನಡುವಿಗೆ ಹಗ್ಗ ಕಟ್ಟಿಕೊಳ್ಳದೆ ಮೇಲೆ ಹತ್ತಿದವನನ್ನು ಕೆಳಗೆಳೆದು ಕೆನ್ನೆಗೆ ಬಿಗಿಯುತ್ತಿದ್ದ. "ನಿನ್ನ ಹೆಣ ನಾ ಹೊರಂಗಿಲ್ಲಲೇ" ಎನ್ನುತ್ತಿದ್ದ. ಏಟು ತಿಂದವರು ಬೈದುಕೊಂಡೇ ಹಗ್ಗ ಬಿಗಿದುಕೊಳ್ಳುತ್ತಿದ್ದರು. ಮರುದಿನವೂ ಅವನ ಜೊತೆಗೇ ಕೆಲಸಕ್ಕೆ ಬರುತ್ತಿದ್ದರು.

೧೯೯೮ರ ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಮೂರಂತಸ್ತಿನ ಹೊಸ ಲಾಡ್ಜಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿತು. ಗೋಡೆಗುಂಟ ಸರ್ವೆ ಕಂಬ ನಿಲ್ಲಿಸಿ, ಹಲಗೆ ಹಾಸಿ ಸಾರುವೆ ಕಟ್ಟಿದ್ದರು. ಒಂದು ಬೆಳಿಗ್ಗೆ ಅಕೀಲ ಬಂದು ನೋಡುತ್ತಾನೆ, ಕೆಳಗಿನ ಅಡ್ಡಕಂಬಗಳೇ ಇಲ್ಲ! ಮೇಸ್ತ್ರಿ ಯರ್ರಿಸ್ವಾಮಿ ಅವನ್ನು ಬಿಚ್ಚಿಸಿ ಇನ್ನೊಂದು ಕಟ್ಟಡಕ್ಕೆ ಸಾಗಿಸಿದ್ದ.

"ಅಡ್ಡಕಂಬ ಬರೋತನ ಯಾರೂ ಹತ್ತಂಗಿಲ್ಲ" ಎಂದ ಅಕೀಲ.

"ನಿನ್ನ ಕೇಳಿ ಕೆಲಸ ಮಾಡಸ್ಬೇಕೇನಲೇ?" ಯರ್ರಿಸ್ವಾಮಿ ಕೈಗೆ ಸಿಕ್ಕ ಬಡಿಗೆಯಿಂದ ಬಾರಿಸಿಯೇಬಿಟ್ಟ. ಅಕೀಲನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ಹತ್ತಲೇ ಪಾಲಣ್ಣ! ಇಲ್ಲಾಂದ್ರ ನಾಳಿಂದ ಬರಬ್ಯಾಡ."

ತಂಬ್ರಹಳ್ಳಿಯ ಪಾಲಣ್ಣ ಕೆಲಸಕ್ಕೆ ಹೊಸಬ. ಹೆದರಿ ಹತ್ತಿದ. ಅಕೀಲ ರಕ್ತ ಒರೆಸಿಕೊಳ್ಳುತ್ತಲೇ ಒಳಗಿನ ಮೆಟ್ಟಿಲು ಹತ್ತಿ ತಾರಸಿಗೆ ಓಡಿ, ಅಲ್ಲಿನ ಕಾಂಕ್ರೀಟು ಕಂಬವೊಂದಕ್ಕೆ ಹಗ್ಗ ಒಂದು ಸುತ್ತು ಸುತ್ತಿ, ಒಂದು ತುದಿ ಕೈಯಲ್ಲಿ ಹಿಡಿದು ಇನ್ನೊಂದನ್ನು ಕೆಳಗೆ ಬಿಟ್ಟ. "ನಡಕ್ಕ ಕಟ್ಕಳಲೇ, ಪಾಲಣ್ಣ!"

ಪಾಲಣ್ಣ ಗಂಟು ಬಿಗಿದ ಗಳಿಗೆಗೇ ಸಾರುವೆಯ ಕಂಬಗಳು ಫಟಾರನೆ ಸೀಳಿದವು. ಸಾರುವೆ, ಹಲಗೆ, ಬಣ್ಣದ ಡಬ್ಬಿ ಎಲ್ಲ ರಸ್ತೆಗೆ ಕುಸಿದವು. ಹಗ್ಗ ಅಕೀಲನ ಅಂಗೈ ಚರ್ಮ ಸುಲಿಯುತ್ತ ಜಾರಿತು. ಅವನು ಅರಚಿದ, ಆದರೆ ಬಿಡಲಿಲ್ಲ. ತೂಗಾಡುತ್ತ ಗೋಡೆಗೆ ಅಪ್ಪಳಿಸಿದ ಪಾಲಣ್ಣನ ಹಲ್ಲುಗಳು ಮುರಿದವು. ಕೊನೆಗೆ ಇಬ್ಬರು ಪೇಂಟರುಗಳು ಅವನನ್ನು ಕಿಟಕಿಯಿಂದ ಒಳಗೆಳೆದುಕೊಂಡರು.

ಅಕೀಲ ಇಳಿದು ಬರುವಷ್ಟರಲ್ಲಿ ಉಳಿದ ಪೇಂಟರುಗಳು ಮೇಸ್ತ್ರಿಯನ್ನು ಕೆಡವಿಕೊಂಡಿದ್ದರು. ಮುರಿದ ಕಂಬಗಳಿಂದಲೇ ಹೊಡೆಯುತ್ತಿದ್ದರು. ಮೊಣಕೈ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅಕೀಲನೂ ಪಕ್ಕೆಗೆ ಒದ್ದ, ಮತ್ತೆ ಒದ್ದ. ಯರ್ರಿಸ್ವಾಮಿ ರಕ್ತ ಉಗುಳುತ್ತ ತೆವಳಿ ಕಾಲು ಹಿಡಿದಾಗ ಅಕೀಲ ಒದೆಯುವುದನ್ನು ಬಿಟ್ಟು ಕೂಗಿದ.

"ಸಾಕು ಬಿಡ್ರೋ! ಸಾಯ್ತಾನ!"

ಯಾರೂ ಬಿಡಲಿಲ್ಲ. ಕಡೆಗೆ ಅಕೀಲ ಅವನ ಮೇಲೆ ಬಿದ್ದು, ಎರಡೇಟು ತನ್ನ ಬೆನ್ನಿಗೇ ತಿಂದ. ಆಗ ಕೈಗಳು ನಿಂತವು. ಮೇಸ್ತ್ರಿಯೂ ಸೇರಿ ಗಾಯಾಳುಗಳನ್ನೆಲ್ಲ ಒಂದೇ ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಂಗೈ ಮಾಯುವತನಕ ಹೆಂಡತಿ ಕಮರುನ್ನೀಸಾಳೇ ಅಕೀಲನಿಗೆ ತುತ್ತಿಟ್ಟಳು. ಪಾಲಣ್ಣ ಮತ್ತೆ ಬಣ್ಣ ಮುಟ್ಟದೆ ಊರಲ್ಲಿ ಕುರಿ ಕಾಯತೊಡಗಿದ. ಅಕೀಲನಿಗೆ ಬೆರಳುಗಳನ್ನು ಮತ್ತೆ ಪೂರ್ತಿ ಮಡಚಲಾಗಲೇ ಇಲ್ಲ. ಆದರೂ ಮುಂದಿನ ಬೇಸಿಗೆಗೆ ಅವನು ಕೂಡ್ಲಿಗಿಯಲ್ಲಿ ಬಣ್ಣ ಹೊಡೆಯುವ ಕೆಲಸ ಹಿಡಿದ.