ಒಳಗಿನ ಚಿಲಕ

ಬೀಗ ರಿಪೇರಿಯವನ ಕೈಗೆ ಆ ನಗರದ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತಿದ್ದವು, ಬಾಡಿಗೆಯ ಬಾಗಿಲೊಂದನ್ನು ಬಿಟ್ಟು. ಪರದೇಶಕ್ಕೆ ಬಂದು ಎರಡು ತಿಂಗಳಾದರೂ ಅವನೂ ಏಳು ತಿಂಗಳ ಬಸುರಿ ಹೆಂಡತಿಯೂ ಷಡ್ಡಕನ ಮನೆಯ ಹಾಲಿನಲ್ಲಿ, ಸೋಫಾಕ್ಕೂ ಟೀವಿಗೂ ನಡುವೆ ಮಲಗುತ್ತಿದ್ದರು. ಕಟ್ಟಡದ ಮ್ಯಾನೇಜರು ಬಂದು ತಲೆ ಎಣಿಸಿ ಹೋಗಿದ್ದ. ಭಾನುವಾರದೊಳಗೆ ಹೆಚ್ಚುವರಿ ಇಬ್ಬರು ಹೊರಡಬೇಕು, ಇಲ್ಲವೇ ಷಡ್ಡಕನ ಸಂಸಾರವೂ ಬೀದಿಗೆ. ಇವತ್ತು ಶನಿವಾರ. ಇದು ಅವನು ಬಾಡಿಗೆ ಕೇಳಲು ಬಂದ ಹದಿನಾಲ್ಕನೆಯ ಮನೆ.

"ಬೀಗ ತೆಗೆಯೋನು ಅಂದ್ರೆ ಯಾವ ಮಹಾತಾಯಿ ಮನೆ ಕೊಡ್ತಾಳೆ ಹೇಳು? ಅರ್ಜೀಲಿ ಹಾರ್ಡ್‌ವೇರ್ ಅಂತ ಬರಿಯಪ್ಪಾ. ಸುಳ್ಳೂ ಅಲ್ಲ, ಗೌರವಾನೂ ಇದೆ," ಎಂದು ಷಡ್ಡಕ ಬೆಳಿಗ್ಗೆಯೇ ಪಾಠ ಹೇಳಿಕೊಟ್ಟಿದ್ದ.

ಮನೆಯೊಡತಿ ನಿವೃತ್ತ ಟೀಚರು. ಕೆಳಗೆ ಒಬ್ಬಳೇ ವಾಸ. ಮೇಲಿನ ಕೋಣೆ, ಅಡುಗೆಮನೆ ಬಾಡಿಗೆಗೆ. ಮೆಟ್ಟಿಲ ಮೇಲೆ ಅವನೂ ಸೇರಿ ಒಂಬತ್ತು ಜನ, ಇಸ್ತ್ರಿ ಮಾಡಿದ ಅಂಗಿಗಳು, ಇಸ್ತ್ರಿ ಮಾಡಿದ ನಗು. ಉತ್ತರಪತ್ರಿಕೆಗಳಂತೆ ಅರ್ಜಿಗಳನ್ನು ವಸೂಲು ಮಾಡಿ, ಕೀಲಿಗೊಂಚಲು, ಕನ್ನಡಕಗಳ ಜೊತೆ ಮೇಲಿನ ಮನೆಯ ಅಡುಗೆಕಟ್ಟೆಯ ಮೇಲಿಟ್ಟು ಆಕೆ ಹೊರಬಂದಳು. ಕಿಟಕಿಯಿಂದ ಗಾಳಿ ನುಗ್ಗಿತು. ಬಾಗಿಲು ಧಡಾರನೆ ಮುಚ್ಚಿಕೊಂಡು ತಾನೇ ಬೀಗ ಬಿತ್ತು.

"ಇನ್ನು ಬೀಗದವರು ಸಿಗೋದು ಸೋಮವಾರವೇ. ಎಲ್ಲರೂ ಅವತ್ತು ಬನ್ನಿ," ಎಂದಳು.

ಸೋಮವಾರ! ಅವನ ಪಾಲಿಗೆ ವಾರ ಭಾನುವಾರಕ್ಕೇ ಮುಗಿಯುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ತೆಳ್ಳನೆಯ ಎರಡು ಕಡ್ಡಿ, ಅರ್ಧ ನಿಮಿಷ, ಟಿಕ್.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಹಾರ್ಡ್‌ವೇರ್ ಅಂತ ಬರೆದಿದ್ಯಲ್ಲ?" ಆಕೆ ಕನ್ನಡಕ ಏರಿಸಿಕೊಂಡು ಅವನ ಅರ್ಜಿ ಹುಡುಕಿ ತೆಗೆದಳು.

"ಬೀಗದ ಕೆಲಸ, ಮೇಡಂ. ಮುಚ್ಚಿಟ್ಟಿದ್ದು ತಪ್ಪು."

"ಒಂಟಿ ಹೆಂಗಸು ನೀವು, ಯೋಚನೆ ಮಾಡಿ ಮೇಡಂ," ಎಂದು ಇಸ್ತ್ರಿ ಅಂಗಿಯೊಂದು ಕನಿಕರ ಸುರಿಸಿತು. ಆಕೆಯ ಕೆಂಪು ಪೆನ್ಸಿಲ್ ಹಾಳೆಯ ಮೇಲೆ ಇಳಿಯುತ್ತಿತ್ತು.

"ಒಂದು ಮಾತು ಮೇಡಂ," ಎಂದ ಬೀಗದವನು. "ನಮ್ಮಪ್ಪ ಹಾಕಿದ ಪದ್ಧತಿ. ಚಿಲಕ ಹಾಕಿದ ಮೇಲೆ ನಾವೇ ಹೊರಗೆ ನಿಂತು ತೆಗೆದು ನೋಡ್ತೀವಿ. ನಮ್ಮ ಕೈಲೂ ಆಗದಿದ್ರೆ ಮಾತ್ರ ಕೂಲಿ. ನಿಮ್ಮ ಬಾಗಿಲಿಗೆ ಒಂದು ಹಾಕ್ತೀನಿ. ನಾನು ತೆಗೆದ್ರೆ ಅರ್ಜಿ ಹರಿದುಬಿಡಿ."

ಆಕೆ ಹೂಂ ಎಂದ ಮೇಲೆ, ಚೀಲದಲ್ಲಿದ್ದ ದಪ್ಪ ಚಿಲಕವನ್ನು ಕೆಳಗಿನ ಆಕೆಯ ಮನೆಯ ಬಾಗಿಲಿಗೆ ಒಳಗಡೆ ಬಿಗಿದ. ಆಕೆ ಅರ್ಜಿಗಳನ್ನು ಎದೆಗವಚಿಕೊಂಡು ಒಳಹೋಗಿ ಚಿಲಕ ಸರಿಸಿದಳು.

"ಈಗ ತೆಗಿ, ನೋಡೋಣ!"

ಮೊಣಕಾಲೂರಿದ. ಬಾಗಿಲ ಸಂದಿಗೆ ತಗಡಿನ ಪಟ್ಟಿ ತೂರಿಸಿದ, ತಂತಿ ಬಾಗಿಸಿದ. ಹಿಂದೆ ಎಂಟು ಜೋಡಿ ಕಣ್ಣು ಮೊಬೈಲಿನಲ್ಲಿ ನಿಮಿಷ ನೋಡುತ್ತಿದ್ದವು. ಐದು. ಹತ್ತು. ಒಮ್ಮೆ ಚಿಲಕ ಕೂದಲೆಳೆಯಷ್ಟು ಅಲುಗಿದಂತಾಯಿತು. ತೆರೆದರೆ ಮನೆ ಹೋಯಿತು. ಕೈ ಸಡಿಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆ ಬರುವ ಕಳ್ಳ ಕೈ ಸಡಿಲಿಸುತ್ತಾನೆಯೇ? ಹಲ್ಲು ಕಚ್ಚಿ ಇನ್ನಷ್ಟು ಒತ್ತಿದ. ತಂತಿಯೇ ಮುರಿಯಿತು.

"ಆಗಲ್ಲ ಮೇಡಂ. ಸೋತೆ." ಕೂಲಿಗಾಗಿ ಎಷ್ಟೋ ಸಲ ಆಡಿದ ಮಾತು, ಮನೆಗಾಗಿ ಇದೇ ಮೊದಲು.

ಬಾಗಿಲು ತೆರೆಯಲಿಲ್ಲ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಹೆಂಡತಿಯ ಕರೆ, ಎತ್ತಲು ಧೈರ್ಯವಾಗಲಿಲ್ಲ. ಏನು ಹೇಳುವುದು?

ಆಗ ಬಾಗಿಲಡಿಯಿಂದ ಹಾಳೆಯೊಂದು ಸರಿದು ಬಂತು. ಅವನದೇ ಅರ್ಜಿ. 'ಹಾರ್ಡ್‌ವೇರ್' ಮೇಲೆ ಕೆಂಪು ಗೀಟು, ಪಕ್ಕದಲ್ಲಿ ದುಂಡಗೆ 'ಬೀಗದ ಕೆಲಸ'. ಹಾಳೆಯ ಹಿಂದೆಯೇ ನೆಲಕ್ಕೆ ಉಜ್ಜಿಕೊಂಡು ಮೇಲಿನ ಮನೆಯ ಕೀಲಿಕೈ ಬಂತು.

"ಹೆಂಡತಿ ಬಸುರಿ ಅಂತ ಬರೆದಿದ್ಯ," ಎಂದಿತು ಬಾಗಿಲಾಚೆಯ ದನಿ. "ಮೆಟ್ಟಿಲು ಕಡಿದು, ನಿಧಾನ ಹತ್ತಿಸು. ಮೇಲೂ ಇಂಥದ್ದೇ ಒಂದು ಚಿಲಕ ಹಾಕ್ಕೋ."